ಹಣಕ್ಕಿಂತ ಮೊದಲು ಪಾಸ್‌ಪೋರ್ಟ್ ಕೇಳುವ ಕಚೇರಿ: ಕುಂಬಳೆಯ ಒಂದು ಟ್ರಾವೆಲ್ ಸೇವೆಯ ಬಗ್ಗೆ

ಕುಂಬಳೆ ಪೇಟೆಯಲ್ಲಿ ವಿಮಾನದ ಟಿಕೆಟ್, ವೀಸಾ ಮತ್ತು ಪಾಸ್‌ಪೋರ್ಟ್ ಅರ್ಜಿಯ ಕೆಲಸಗಳನ್ನು ಒಟ್ಟಿಗೆ ಮಾಡಿಕೊಡುವ ಒಂದು ಸಣ್ಣ ಕಚೇರಿಯಿದೆ. ಅತ್ತೆಯವರನ್ನು ದುಬೈಯಲ್ಲಿರುವ ಮಗನ ಮನೆಗೆ ಕಳುಹಿಸುವಾಗ ಅಲ್ಲಿನ ಕೆಲಸವನ್ನು ಹತ್ತಿರದಿಂದ ಕಂಡೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಗಲ್ಫಿನ ನಂಟಿಲ್ಲದ ಊರು ಕಡಿಮೆಯಾದ್ದರಿಂದ ನಮ್ಮವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಆಧಾರ್ ಕಾರ್ಡು ತೋರಿಸಿದರೆ ಇಲ್ಲಿ ಟಿಕೆಟ್ ಸಿಗುವುದಿಲ್ಲ, ಫೋನಿನಲ್ಲಿ ಹೆಸರು ಬರೆದು ಕಳುಹಿಸಿದರೂ ಸಿಗುವುದಿಲ್ಲ. ಪಾಸ್‌ಪೋರ್ಟನ್ನೇ ಮೇಜಿನ ಮೇಲಿಡಬೇಕು. ಫೋಟೊ ಇರುವ ಪುಟದ ತಳದಲ್ಲಿ ಯಂತ್ರ ಓದುವುದಕ್ಕೆಂದು ಮುದ್ರಿಸಿದ, ತಲಾ 44 ಚಿಹ್ನೆಗಳ ಎರಡು ಸಾಲುಗಳಿರುತ್ತವೆ. ಕಚೇರಿಯವರು ಮೊದಲ ಸಾಲಿನ ಕೆಳಗೆ ಸ್ಕೇಲು ಹಿಡಿದು, ದೇಶದ ಮೂರಕ್ಷರ ಕಳೆದ ಮೇಲೆ ಬರುವ ಸರ್‌ನೇಮ್, ಅದರ ನಂತರದ ಎರಡು ಬಾಣದ ಗುರುತು, ಆಮೇಲಿನ ಗಿವನ್ ನೇಮ್ ಎಲ್ಲವನ್ನೂ ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದುತ್ತಾರೆ. ಟೈಪ್ ಮಾಡಿದ ಬಳಿಕ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ನಾವು ಸರಿಯೆಂದ ಮೇಲೆಯೇ ಹಣದ ಮಾತು.

ನಮ್ಮ ಜಿಲ್ಲೆಯಲ್ಲಿ ಈ ಎಚ್ಚರಿಕೆ ಹೆಚ್ಚೇನೂ ಅಲ್ಲ. ಕನ್ನಡ ಶಾಲೆಯ ದಾಖಲೆಯಲ್ಲಿ ನಾರಾಯಣ ಎಂದಿದ್ದವರು ಇನ್ನೊಂದು ಕಡತದಲ್ಲಿ ನಾರಾಯಣನ್ ಆಗಿರುತ್ತಾರೆ. ಅಬ್ದುಲ್ಲ ಎಂಬ ಹೆಸರಿನ ಕೊನೆಗೆ ಒಂದು ಕಡೆ ಎಚ್ ಇದ್ದರೆ ಮತ್ತೊಂದು ಕಡೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೀ ಇನಿಷಿಯಲ್ ಆಗಿದ್ದ ಮನೆಹೆಸರು ಪಾಸ್‌ಪೋರ್ಟಿನಲ್ಲಿ ಪೂರ್ಣವಾಗಿ ಬಿಡಿಸಿಕೊಂಡು ಸರ್‌ನೇಮ್ ಆಗಿ ಕೂತಿರುತ್ತದೆ. ಬಂಧುವೊಬ್ಬರು ಬೇರೆ ಏಜೆಂಟರಲ್ಲಿ ಆಧಾರ್ ನೋಡಿ ಇನಿಷಿಯಲ್ ಹಾಕಿಸಿಕೊಂಡ ಟಿಕೆಟ್ ಹಿಡಿದು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಿ ಚೆಕ್-ಇನ್ ಕೌಂಟರಿನಲ್ಲಿ ಪಟ್ಟ ಪಾಡು ಮನೆಯವರಿಗೆಲ್ಲ ಗೊತ್ತು. ಎರಡೂ ಹೆಸರು ಒಬ್ಬರದೇ ಎಂದು ಗ್ರಾಮ ಕಚೇರಿಯಿಂದ ಪಡೆದ ಪ್ರಮಾಣಪತ್ರ ಊರಿನ ಎಷ್ಟೋ ಕೆಲಸಗಳಿಗೆ ಆಗುತ್ತದೆ, ಆದರೆ ಕೌಂಟರಿನಲ್ಲಿ ನೋಡುವುದು ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ಹೊಂದುತ್ತದೆಯೇ ಎಂಬುದನ್ನು ಮಾತ್ರ.

ಅತ್ತೆಯವರ ಸಮಸ್ಯೆ ಬೇರೆಯದೇ ಆಗಿತ್ತು. ಅವರ ಹಳೆಯ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿದ್ದನ್ನು ಈ ಕಚೇರಿಯವರು ವಿವರಿಸಿ, ಟಿಕೆಟ್ ಮಾಡಲು ಒಪ್ಪಲೇ ಇಲ್ಲ. ಕೈಗೆ ಬಂದ ಗಿರಾಕಿಯನ್ನು ಹೀಗೆ ನಿಲ್ಲಿಸುವುದಕ್ಕೆ ಪ್ರಾಮಾಣಿಕತೆ ಬೇಕು. ಪಾಸ್‌ಪೋರ್ಟಿಗೆ ಸರ್‌ನೇಮ್ ಸೇರಿಸುವಾಗ ಅವರ ಆಧಾರಿನ ಹೆಸರನ್ನೂ ಅದಕ್ಕೆ ಹೊಂದಿಸಬೇಕಾಗಿತ್ತು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶಗಳಿರುವುದರಿಂದ ಯಾವ ರೂಪ ಬೇಕೆಂದು ಮನೆಯಲ್ಲಿ ಕೂತು ತೀರ್ಮಾನಿಸಿ ಬನ್ನಿ ಎಂದು ಕಳುಹಿಸಿದರು. ಅನಂತರ 1,500 ರೂಪಾಯಿ ಸರಕಾರಿ ಶುಲ್ಕದ ಮರುವಿತರಣೆಯ ಅರ್ಜಿಯನ್ನು ತುಂಬಿ, ಕಾಸರಗೋಡಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ಗೊತ್ತುಮಾಡಿಕೊಟ್ಟರು. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರು ಬರುತ್ತದೆ, ಆದ್ದರಿಂದ ಅದು ಕೈಸೇರುವ ತನಕ ವೀಸಾಕ್ಕೆ ಅವಸರ ಮಾಡಬೇಡಿ ಎಂಬ ಮಾತನ್ನೂ ಸೇರಿಸಿದರು. ಇಷ್ಟನ್ನೂ ಅತ್ತೆಯವರಿಗೆ ಅರ್ಥವಾಗುವಂತೆ ಕನ್ನಡದಲ್ಲಿಯೇ ಹೇಳಿದ್ದು ನನಗೆ ತುಂಬ ಹಿಡಿಸಿತು.

ಕೊರತೆಗಳೂ ಇವೆ. ಸೇವಾ ಶುಲ್ಕದ ಪಟ್ಟಿಯನ್ನು ಎಲ್ಲಿಯೂ ತೂಗುಹಾಕಿಲ್ಲ, ಕೇಳದಿದ್ದರೆ ರಸೀದಿಯನ್ನೂ ಕೊಡುವುದಿಲ್ಲ. ಮಾಲೀಕರು ಇಲ್ಲದ ಹೊತ್ತಿನಲ್ಲಿ ಸಹಾಯಕ ಹುಡುಗ ಟಿಕೆಟ್ಟಿನ ಕೆಲಸವನ್ನು ಚೆನ್ನಾಗಿ ಮಾಡಿದರೂ ಹೆಸರಿನ ತೊಡಕುಗಳಿಗೆ ಉತ್ತರ ಅವನಲ್ಲಿಲ್ಲ, ಹಾಗಾಗಿ ಫೋನ್ ಮಾಡಿ ಹೋಗುವುದು ಒಳ್ಳೆಯದು. ಹೋಗುವಾಗ ಹಳೆಯ ಪಾಸ್‌ಪೋರ್ಟ್, ಆಧಾರ್, ಶಾಲೆಯ ಪ್ರಮಾಣಪತ್ರ, ಮದುವೆಯ ನೋಂದಣಿಪತ್ರ ಇವೆಲ್ಲದರ ಮೂಲಪ್ರತಿಗಳನ್ನೇ ಒಯ್ಯಿರಿ. ಜೆರಾಕ್ಸ್ ಪ್ರತಿಯಲ್ಲಿ ಅಕ್ಷರ ಮಸುಕಾಗಿದ್ದರೆ ಅವರು ಮುಂದುವರಿಯುವುದಿಲ್ಲ.