ಬೇಡರ ವೇಷದ 640 ಫೋಟೋ, ಇಮೇಜ್‌ಮ್ಯಾಜಿಕ್‌ನ ಐದು ಸಾಲು

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ, ಅಂದರೆ ಬೇಡನಂತೆ ವೇಷ ಕಟ್ಟಿ ರಾತ್ರಿ ಬೀದಿಯಲ್ಲಿ ಕುಣಿಯುವ ಆಟ. ಆ ರಾತ್ರಿಗಳಲ್ಲಿ ನಾನು ಮನೆಯಲ್ಲಿರುವುದಿಲ್ಲ. ದೇವಿಕೆರೆ, ಬಿಡ್ಕಿಬೈಲು, ತಮಟೆ ಸದ್ದು ಎಲ್ಲಿ ಕೇಳಿತೋ ಅಲ್ಲಿಗೆ ಕ್ಯಾಮೆರಾ ಹಿಡಿದು ಓಡುತ್ತೇನೆ. ಕಳೆದ ಸಲ 640 ಫೋಟೋ ಆಯಿತು. ಒಂದೊಂದೂ 6000 ಬೈ 4000 ಪಿಕ್ಸೆಲ್, 8 ಎಂಬಿ ಆಸುಪಾಸು. ಬೆಳಗಾಗುವುದರೊಳಗೆ ವೇಷ ಕಟ್ಟಿದ ಹುಡುಗರ ಮೆಸೇಜು ಶುರು: "ಅಣ್ಣಾ, ನಂದು ಫೋಟೋ ಬರ್ಲೇ ಇಲ್ಲ."

ಮೊದಲೆಲ್ಲ ಫೋಟೋ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ಒಂದೊಂದೇ ತೆರೆದು, ಚಿಕ್ಕದು ಮಾಡಿ, ಬೇರೆ ಹೆಸರಲ್ಲಿ ಉಳಿಸುತ್ತಿದ್ದೆ. ನೂರು ಮುಗಿಯುವಷ್ಟರಲ್ಲಿ ಎರಡು ರಾತ್ರಿ ಹೋಗುತ್ತಿತ್ತು. ಆ ಸಲ ತಂಗಿಯ ಮಗ ಪಕ್ಕದಲ್ಲಿ ಕೂತು ನೋಡಿ, "ಮಾವಾ, ಇದನ್ನ ಕೈಯಲ್ಲಿ ಮಾಡೋದಾ?" ಎಂದು ಆದೇಶ ಟೈಪ್ ಮಾಡುವ ಟರ್ಮಿನಲ್ ತೆರೆದು ಇಮೇಜ್‌ಮ್ಯಾಜಿಕ್ ಹಾಕಿಕೊಟ್ಟ. ಜಾನ್ ಕ್ರಿಸ್ಟಿ ಎಂಬವರು 1987ರಲ್ಲಿ ಡುಪಾಂಟ್ ಕಂಪನಿಯಲ್ಲಿದ್ದಾಗ ಬರೆಯಲು ಶುರು ಮಾಡಿ, 1990ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟ, ಆದೇಶ ಟೈಪ್ ಮಾಡಿ ಫೋಟೋ ಬದಲಿಸುವ ತಂತ್ರಾಂಶ. ಇವತ್ತಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ಅವನು ಹೋದ ಮೇಲೆ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮಾಗ್ರಿಫೈ ಎಂಬ ಆದೇಶವಿದೆ. ಒಂದೇ ಸಾಲಿನಲ್ಲಿ ಇಡೀ ಫೋಲ್ಡರಿನ ಫೋಟೋಗಳನ್ನು ಚಿಕ್ಕದು ಮಾಡುತ್ತದೆ, ಆದರೆ ಮೂಲ ಫೋಟೋದ ಮೇಲೆಯೇ ಬರೆಯುತ್ತದೆ. ಹಾಗೆ ಆಗುತ್ತದೆಂದು ಅದರ ಕೈಪಿಡಿಯಲ್ಲೇ ಸ್ಪಷ್ಟವಾಗಿ ಇದೆ, ನಾನು ಓದಿರಲಿಲ್ಲ. ಮೊದಲ ರಾತ್ರಿಯ 38 ಫೋಟೋ ಇದ್ದ ಫೋಲ್ಡರಿನ ಮೇಲೆ ಅದನ್ನು ಓಡಿಸಿದೆ. ಮೆಮೊರಿ ಕಾರ್ಡನ್ನು ಎರಡನೇ ರಾತ್ರಿಗೆಂದು ಆಗಲೇ ಫಾರ್ಮ್ಯಾಟ್ ಮಾಡಿಯಾಗಿತ್ತು. ಮಾಗ್ರಿಫೈ ಬೇಕೇ ಬೇಕು ಅನ್ನುವವರು 'ಪಾತ್' ಆಯ್ಕೆ ಕೊಟ್ಟು ಬೇರೆ ಫೋಲ್ಡರ್ ತೋರಿಸಲೇಬೇಕು.

ಉಳಿದ 602ಕ್ಕೆ ಕೂತು ಐದು ಸಾಲಿನ ಸ್ಕ್ರಿಪ್ಟ್ ಬರೆದೆ. ಹೊಸ ಫೋಲ್ಡರ್ ಮಾಡು, ಫೋಟೋಗಳನ್ನು ಒಂದೊಂದಾಗಿ ಎತ್ತಿಕೋ, ಚಿಕ್ಕದು ಮಾಡಿ ಅಲ್ಲಿಡು, ಇಷ್ಟೇ. ಮೊದಲ ಸಲ ಫೈಲ್ ತೆರೆಯಲಾಗಲಿಲ್ಲ ಎಂದು ನಿಂತಿತು. ಕ್ಯಾಮೆರಾ ಫೈಲಿನ ಹೆಸರಿನ ಕೊನೆಗೆ ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆಯುತ್ತದೆ, ನಾನು ಸಣ್ಣಕ್ಷರ ಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿರುವ ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ.

ಅಳತೆ ಕೊಡುವ ರೀತಿ ನನಗೆ ತುಂಬ ಇಷ್ಟವಾಯಿತು. 1600 ಬೈ 1600 ಎಂದರೆ ಚಿತ್ರವನ್ನು ಚೌಕ ಮಾಡುವುದಿಲ್ಲ, ಉದ್ದಗಲದ ಪ್ರಮಾಣ ಕೆಡದಂತೆ ಆ ಚೌಕದೊಳಗೆ ಕೂರಿಸುತ್ತದೆ. ಅಡ್ಡ ಫೋಟೋಗೂ ಉದ್ದ ಫೋಟೋಗೂ ಅದೇ ಸಾಲು ಸಾಕು. ಅಳತೆಯ ಕೊನೆಗೆ > ಚಿಹ್ನೆ ಹಾಕಿದರೆ ದೊಡ್ಡವನ್ನು ಮಾತ್ರ ಇಳಿಸುತ್ತದೆ, ಮೊದಲೇ ಚಿಕ್ಕದಿದ್ದದ್ದನ್ನು ಎಳೆದು ಮಬ್ಬು ಮಾಡುವುದಿಲ್ಲ. ಅಳತೆಯನ್ನು ಉದ್ಧರಣ ಚಿಹ್ನೆಯೊಳಗೇ ಇಡಿ. ಇಲ್ಲದಿದ್ದರೆ ಟರ್ಮಿನಲ್ ಆ ಚಿಹ್ನೆಯನ್ನು 'ಫಲಿತಾಂಶವನ್ನು ಫೈಲಿಗೆ ಬರೆ' ಎಂದು ಓದಿಕೊಳ್ಳುತ್ತದೆ.

ಇನ್ನೆರಡು ಆಯ್ಕೆಗಳ ಜೋಡಿ ಗಮನಿಸಬೇಕಾದದ್ದು. 'ಸ್ಟ್ರಿಪ್' ಎಂದರೆ ಫೋಟೋದ ಒಳಗೆ ಅಡಗಿದ ಮಾಹಿತಿಯನ್ನೆಲ್ಲ ತೆಗೆದುಹಾಕುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮನೆ ಇರುವ ಜಾಗದ ಅಕ್ಷಾಂಶ-ರೇಖಾಂಶವೂ ಇರಬಹುದು, ಊರಿಗೆಲ್ಲ ಹಂಚುವ ಮೊದಲು ಅದು ಹೋಗುವುದೇ ಒಳ್ಳೆಯದು. ಆದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದದ್ದು ಎಂಬ ಗುರುತೂ ಅದರ ಜೊತೆಗೇ ಹೋಗುತ್ತದೆ. ನನ್ನ ಬೇಡರೆಲ್ಲ ಅಡ್ಡ ಮಲಗಿಬಿಟ್ಟರು. 'ಆಟೋ-ಓರಿಯಂಟ್' ಅನ್ನು ಸ್ಟ್ರಿಪ್‌ಗಿಂತ ಮೊದಲು ಹಾಕಿದ ಮೇಲೆ ಎದ್ದು ನಿಂತರು. ಬಣ್ಣದ ಪ್ರೊಫೈಲ್ ಕೂಡ ಕಳಚಿಹೋಗುವುದರಿಂದ ಕ್ಯಾಮೆರಾವನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಪ್ರೊಫೈಲಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಗುಣಮಟ್ಟ 82ಕ್ಕೆ ಇಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ 14 ನಿಮಿಷ ಹಿಡಿಯಿತು. ಸುಮಾರು 5 ಜಿಬಿ ಇದ್ದದ್ದು 240 ಎಂಬಿಗೆ ಬಂತು. ನನಗಿದ್ದ ಭಯವೆಲ್ಲ ಬೆನ್ನಿಗೆ ಕಟ್ಟಿದ ನವಿಲುಗರಿಯದು. ಅದರ ಎಳೆಗಳು ಚಿಕ್ಕದು ಮಾಡಿದಾಗ ಕಲಸಿಹೋಗುತ್ತವೆ. ಇಲ್ಲಿ ಗರಿಯ ಕಣ್ಣು ಕಣ್ಣಾಗಿಯೇ ಉಳಿದಿದೆ. ಸೊಂಟದ ಹಗ್ಗ ಹಿಡಿದು ಹಿಂದಿನಿಂದ ಎಳೆಯುವವರ ಕೈಯ ನರ ಕೂಡ ಕಾಣುತ್ತದೆ. ಚಿಕ್ಕದು ಮಾಡುವಾಗ ಇದು ತಾನಾಗಿಯೇ ಲ್ಯಾಂಕ್ಜೋಸ್ ಎಂಬ ಫಿಲ್ಟರ್ ಬಳಸುತ್ತದೆ, ನಾವು ಏನೂ ಹೇಳಬೇಕಾಗಿಲ್ಲ.

ವಿಂಡೋಸ್‌ನಲ್ಲಿ ಹಾಕಿಕೊಳ್ಳುವವರು 7ನೇ ಆವೃತ್ತಿಯನ್ನೇ ಹಾಕಿ, 'ಮ್ಯಾಜಿಕ್' ಎಂದೇ ಆದೇಶ ಕೊಡಿ. ಇಮೇಜ್‌ಮ್ಯಾಜಿಕ್‌ನ ಹಳೆಯ ಆದೇಶವಾದ 'ಕನ್ವರ್ಟ್' ಹೆಸರಿನಲ್ಲಿ ವಿಂಡೋಸ್‌ಗೆ ಡಿಸ್ಕಿಗೆ ಸಂಬಂಧಿಸಿದ ತನ್ನದೇ ಬೇರೆ ಆದೇಶವಿದೆ.

ಆ 38ರಲ್ಲಿ ಮೊದಲ ಸಲ ವೇಷ ಕಟ್ಟಿದ ಹುಡುಗನೊಬ್ಬನಿದ್ದ. ಅವನ ಅಪ್ಪ ಬಂದು, ಗೋಡೆಗೆ ಹಾಕಲು 12 ಬೈ 18 ಇಂಚಿನದು ಬೇಕು ಎಂದರು. 1600 ಪಿಕ್ಸೆಲನ್ನು ಅಷ್ಟಕ್ಕೆ ಹಿಗ್ಗಿಸಿದರೆ ಇಂಚಿಗೆ 90 ಪಿಕ್ಸೆಲೂ ಉಳಿಯುವುದಿಲ್ಲ. ಆದದ್ದನ್ನು ಇದ್ದಂತೆ ಹೇಳಿ, 4 ಬೈ 6ರಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ಅವರ ಮನೆಯ ಜಗಲಿಯಲ್ಲಿ ಈಗ ಅದೇ ಇದೆ. ಮುಂದಿನ ಸಲವೂ ಹುಡುಗ ವೇಷ ಕಟ್ಟುತ್ತಾನಂತೆ. ನಾನು ಎರಡು ಮೆಮೊರಿ ಕಾರ್ಡ್ ತಂದಿಟ್ಟಿದ್ದೇನೆ.