ಕುರಿ ಚರ್ಮದ ಪೈಲಟ್ ಜಾಕೆಟ್ ಅಂತ 340 ಪೌಂಡ್ ಕೊಟ್ಟೆ, ಬಂದಿದ್ದು ಪ್ಲಾಸ್ಟಿಕ್ ತುಪ್ಪಟ

ತಪ್ಪಿನಲ್ಲಿ ಅರ್ಧ ನನ್ನದೇ, ಮೊದಲೇ ಒಪ್ಪಿಕೊಳ್ಳುತ್ತೇನೆ. ಇನ್ನರ್ಧ ಅವರದ್ದು. ಆ ಅರ್ಧ ಬರೆಯದೆ ಇದ್ದರೆ ನನಗೆ ನಿದ್ದೆ ಬರಲ್ಲ.

ನಾನಿರುವುದು ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ. ಇಲ್ಲಿಂದ ರೈಲಿನಲ್ಲಿ ಹಿಚಿನ್ ದಾಟಿದರೆ ಲೆಚ್‌ವರ್ತ್. ಲೆಸ್ಲಿ ಇರ್ವಿನ್ ಅನ್ನುವ ಅಮೆರಿಕದ ಪ್ಯಾರಾಶೂಟ್‌ ಮನುಷ್ಯ 1926ರಲ್ಲಿ ಕಾರ್ಖಾನೆ ತೆರೆದ ಊರು ಅದು. ಬ್ರಿಟಿಷ್ ವಾಯುಪಡೆಯವರು ಎರಡನೇ ಮಹಾಯುದ್ಧದಲ್ಲಿ ಹಾಕುತ್ತಿದ್ದ ದಪ್ಪ ಕುರಿ ಚರ್ಮದ ಜಾಕೆಟ್ಟಿಗೆ ಇರ್ವಿನ್ ಜಾಕೆಟ್ ಅಂತಲೇ ಹೆಸರು. ಹೊರಗೆ ಕಂದು ಚರ್ಮ, ಒಳಗೆ ತುಪ್ಪಟ, ಕಿವಿ ಮುಚ್ಚುವಷ್ಟು ಅಗಲ ಕಾಲರ್. 1940ರ ಸ್ಪಿಟ್‌ಫೈರ್ ಯುದ್ಧವಿಮಾನದ ಪೈಲಟ್‌ಗಳ ಫೋಟೋಗಳಲ್ಲಿ ನೋಡಿರುತ್ತೀರಿ. ಅಸಲಿ ಹಳೆಯದನ್ನು ಕೊಳ್ಳುವುದು ನನ್ನಂಥವರ ಕೈಲಾಗುವ ಕೆಲಸವಲ್ಲ. ಹಾಗಾಗಿ ಜನ ಹೊಸದಾಗಿ ಹೊಲಿದ ನಕಲು ಕೊಳ್ಳುತ್ತಾರೆ. ನಕಲು ಅಂತ ಗೊತ್ತಿದ್ದೇ ಕೊಳ್ಳುವುದು, ಅದರಲ್ಲಿ ಮೋಸ ಏನಿಲ್ಲ. ಮೋಸ ಇರುವುದು ಬೇರೆ ಕಡೆ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು, ಹೇಳಲು ನಾಚಿಕೆಯಾದರೂ. ನಮ್ಮದು ಚಳ್ಳಕೆರೆ ಕಡೆ. ಅಜ್ಜ ಕಂಬಳಿ ವ್ಯಾಪಾರ ಮಾಡುತ್ತಿದ್ದರು. ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿ ವಾಸನೆಯಲ್ಲೇ ಬೆಳೆದವನು ನಾನು. ಅಂಥ ಮನೆಯ ಮೊಮ್ಮಗ ಉಣ್ಣೆ ವಿಷಯದಲ್ಲೇ ಟೋಪಿ ಹಾಕಿಸಿಕೊಂಡಿದ್ದೇನೆ. ಊರಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಜುಲೈನಲ್ಲಿ ಒಂದು ಆನ್‌ಲೈನ್ ಅಂಗಡಿಯ ಜಾಹೀರಾತು ಕಂಡಿತು. ಹೆಸರು ಹಾಕುವುದಿಲ್ಲ. ಬ್ರಿಟಿಷ್ ಬಾವುಟ, ಸ್ಪಿಟ್‌ಫೈರ್ ಚಿತ್ರ, ವಿಳಾಸದ ಕೊನೆಯಲ್ಲಿ ಡಾಟ್ ಕೋ ಡಾಟ್ ಯುಕೆ. "ನೂರಕ್ಕೆ ನೂರು ಕುರಿ ಚರ್ಮ, 1940ರ ಇರ್ವಿನ್‌ನ ಪಡಿಯಚ್ಚು" ಅಂತ ಬರೆದಿದ್ದರು. ಬೆಲೆ 360 ಪೌಂಡ್. ಬೇರೆಯವರು ಇದರ ಎರಡು ಮೂರು ಪಟ್ಟು ಹೇಳುತ್ತಾರೆ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೇಸಿಗೆ ಅಲ್ವಾ, ಯಾರೂ ಕೊಳ್ಳಲ್ಲ, ಅದಕ್ಕೇ ಕಡಿಮೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾರ್ಡ್ ಬೇಡ, ಬ್ಯಾಂಕ್ ಖಾತೆಗೆ ನೇರ ಹಾಕಿದರೆ 20 ಪೌಂಡ್ ಬಿಡುತ್ತೇವೆ ಅಂದರು. ಹಾಕಿದೆ. ಇಪ್ಪತ್ತು ಪೌಂಡ್ ಆಸೆಗೆ ಹಾಕಿದೆ! ಇಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ 100 ಪೌಂಡಿಗಿಂತ ಜಾಸ್ತಿ ಬೆಲೆಯ ವಸ್ತು ಕೊಂಡರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯನ್ನೂ ಹಿಡಿದು ಕೇಳಬಹುದು. ಇದು ನನಗೆ ಗೊತ್ತಿತ್ತು. ಗೆಳೆಯರಿಗೆಲ್ಲ ನಾನೇ ಹೇಳುತ್ತಿದ್ದೆ.

ಆಗಸ್ಟ್ ಎರಡನೇ ವಾರ ಜಾಕೆಟ್ ಬಂತು. ನೋಡಲು ಚೆನ್ನಾಗಿಯೇ ಇತ್ತು. ಸೆಕೆಯಲ್ಲಿ ಎರಡು ನಿಮಿಷ ಹಾಕಿ, ಕನ್ನಡಿ ಮುಂದೆ ನಿಂತು, ಮೂರು ಫೋಟೋ ತೆಗೆದು ಬೀರುವಿನಲ್ಲಿ ಇಟ್ಟೆ. ಬಿಚ್ಚಿ ನೋಡಲಿಲ್ಲ, ತುಪ್ಪಟ ಬಿಡಿಸಿ ನೋಡಲಿಲ್ಲ, ತೂಕ ಹಾಕಲಿಲ್ಲ. ಸೆಪ್ಟೆಂಬರ್‌ನಲ್ಲಿ ಡಕ್ಸ್‌ಫರ್ಡ್ ಏರ್‌ಶೋಗೆ (ಹಳೆಯ ಯುದ್ಧವಿಮಾನಗಳ ಹಾರಾಟದ ಮೇಳ) ಹಾಕಿಕೊಂಡು ಹೋಗುವ ಯೋಜನೆ. ಅಷ್ಟರಲ್ಲಿ 30 ದಿನ ಮೀರಿತು. ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಲು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಕೊಡುವುದು 30 ದಿನ. ನಾನು ಡಕ್ಸ್‌ಫರ್ಡಿಗೆ ಹೋಗಿದ್ದು 35ನೇ ದಿನ.

ಆ ದಿನ ಒಳ್ಳೆ ಬಿಸಿಲು. ಬೆವರು ಸುರಿಯುತ್ತಿತ್ತು, ಆದರೂ ಬಿಚ್ಚಲಿಲ್ಲ. ಬಿಚ್ಚಿದರೆ ಯಾರು ನೋಡುತ್ತಾರೆ? ಒಂದು ಕಡೆ ಹಳೆಯ ಹೆಲ್ಮೆಟ್, ಕನ್ನಡಕ, ಬೂಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಎಪ್ಪತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಅವರ ಮುಂದೆ ಹೋಗಿ, ಎರಡೂ ಕೈ ಜಾಕೆಟ್ ಜೇಬಿನಲ್ಲಿ ಇಟ್ಟುಕೊಂಡು, ಪೈಲಟ್ ಥರ ನಿಂತೆ. "ನಂದೂ ಇರ್ವಿನ್" ಅಂದೆ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಇರ್ವಿನ್‌ಗೆ ಜೇಬೇ ಇರಲಿಲ್ಲ" ಅಂದರು.

ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಜೇಬಿನಿಂದ ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ, ತೆಗೆಯದಿದ್ದರೆ ಇನ್ನೂ ಪೆದ್ದು. ಅವರು ಎದ್ದು ಬಂದು ತೋಳಿನ ಅಂಚು ಮಡಿಸಿದರು. ಸಂತೆಯಲ್ಲಿ ಕುರಿ ಕೊಳ್ಳುವವರು ಹೆಬ್ಬೆರಳಿನಿಂದ ತುಪ್ಪಟ ಬಿಡಿಸಿ ಚರ್ಮ ನೋಡುತ್ತಾರಲ್ಲ, ಥೇಟ್ ಹಾಗೆ ಬಿಡಿಸಿದರು. ಬುಡದಲ್ಲಿ ಚರ್ಮ ಇರಲಿಲ್ಲ. ಬನಿಯನ್ ಬಟ್ಟೆಯಂಥ ನೇಯ್ಗೆ ಇತ್ತು. ಆ ಬಟ್ಟೆಯನ್ನು ತೆಳು ಚರ್ಮದ ಹಿಂದೆ ಅಂಟು ಹಾಕಿ ಕೂರಿಸಿದ್ದರು. ಬೆವರಿಗೋ ಏನೋ, ಕಂಕುಳ ಹತ್ತಿರ ಆಗಲೇ ಬಿಟ್ಟುಕೊಂಡಿತ್ತು.

"ಇದು ಯಾವ ಕುರಿಯ ಮೈಮೇಲೂ ಬೆಳೆದಿದ್ದಲ್ಲ ಮಗಾ" ಅಂದರು. ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಆಮೇಲೆ ತಮ್ಮ ಜಾಕೆಟ್ ಕೈಗೆ ಕೊಟ್ಟರು. ಬಿಡಿಸಿದರೆ ಕೂದಲ ಬುಡದಲ್ಲಿ ಕೆನೆ ಬಣ್ಣದ ಚರ್ಮ. ಅದೇ ಚರ್ಮ ತಿರುಗಿಸಿದರೆ ಹೊರಮೈ. ಒಂದೇ ತೊಗಲು, ಒಳಗೊಂದು ಹೊರಗೊಂದು ಅಲ್ಲ. ತೂಕವೋ, ಎತ್ತಿದರೆ ಕುರಿಮರಿ ಎತ್ತಿದ ಹಾಗೆ. 20,000 ಅಡಿ ಮೇಲೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇರುವ ಚಳಿಗೆ ಮಾಡಿದ್ದು ಅದು. ನನ್ನದನ್ನು ಸ್ಟೀವನೇಜ್ ಬಸ್ ಸ್ಟಾಪಿನ ಚಳಿಗೂ ನಂಬುವಂತಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಒಂದು ಎಳೆ ಸುಟ್ಟು ನೋಡ್ರೀ, ನಿಮ್ಮಜ್ಜ ಹಾಗೇ ಮಾಡ್ತಿದ್ರು ಅಂತ ನೀವೇ ಹೇಳ್ತಿದ್ರಲ್ವಾ" ಅಂದಳು. ಹೌದು. ಅಜ್ಜ ನೂಲು ಕೊಳ್ಳುವಾಗ ಬೆಂಕಿಕಡ್ಡಿ ಗೀರುತ್ತಿದ್ದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತಾನಾಗಿ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿ. ನನ್ನ ಜಾಕೆಟ್ಟಿನ ಎಳೆ ಕರಗಿ ಕಪ್ಪು ಮಣಿಯಾಯಿತು. ಹೊಗೆಗೆ ಅಡುಗೆಮನೆಯ ಅಲಾರಂ ಹೊಡೆದುಕೊಂಡಿತು, ಮಗು ಎದ್ದು ಅತ್ತಿತು. ಆ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಅವರ ಉತ್ತರಗಳು. ಒಂದೊಂದಾಗಿ ಕೇಳಿ.

ಫೋಟೋ ಸಮೇತ ಬರೆದೆ. ಮೊದಲ ಉತ್ತರ: "ಸಹಜ ಚರ್ಮದಲ್ಲಿ ವ್ಯತ್ಯಾಸ ಸಹಜ." ಅಷ್ಟೇ. ಒಂದೇ ವಾಕ್ಯದಲ್ಲಿ ಎರಡು ಸಹಜ. ಕರಗಿದ ಮಣಿಯ ಫೋಟೋ ಕಳಿಸಿದೆ. "ಗ್ರಾಹಕರು ಸುಟ್ಟ ವಸ್ತುವಿಗೆ ನಾವು ಜವಾಬ್ದಾರರಲ್ಲ." ಒಂದು ಎಳೆ ಸ್ವಾಮೀ, ಒಂದು ಎಳೆ! ಹಾಗಾದರೆ ಜೇಬು ಎಲ್ಲಿಂದ ಬಂತು, ಪಡಿಯಚ್ಚು ಅಂದಿದ್ದಿರಲ್ಲ ಅಂತ ಕೇಳಿದೆ. "ಜೇಬು ಗ್ರಾಹಕರ ಅನುಕೂಲಕ್ಕೆ."

ನಾಲ್ಕನೆಯ ಉತ್ತರ ಎಲ್ಲಕ್ಕಿಂತ ಮೇಲು. "ನಿಮ್ಮ ಎದೆ ಅಳತೆ ಕೊಟ್ಟು ಹೊಲಿಸಿದ್ದೀರಿ, ಅಳತೆಗೆ ಹೊಲಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ." ಆರ್ಡರ್ ಮಾಡುವಾಗ 42 ಇಂಚು ಅಂತ ತುಂಬಿದ್ದೆ ನಿಜ. ಅದು ಅವರೇ ಕೇಳಿದ್ದು. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದಲ್ಲಿ ಕಾರಣ ಹೇಳದೆ ರದ್ದು ಮಾಡುವ ಹಕ್ಕು ಇಲ್ಲಿದೆ, ಅಳತೆಗೆ ಹೊಲಿದ ಬಟ್ಟೆಗೆ ಮಾತ್ರ ಅದು ಇಲ್ಲ. ಅದಕ್ಕೇ ಆ ಇಂಚು ಕೇಳುವ ಜಾಗ ಇಟ್ಟಿದ್ದಾರೆ! ಬಂದ ಪ್ಲಾಸ್ಟಿಕ್ ಕವರ್ ಇನ್ನೂ ಎಸೆದಿರಲಿಲ್ಲ, ತೆಗೆದು ನೋಡಿದೆ. ಮೇಲೆ ಚೀಟಿ: ಎಲ್. ಸುಮ್ನೆ ಎಲ್. ಅಂಗಡಿಯಲ್ಲಿ ಟೀ ಶರ್ಟ್ ಮೇಲೆ ಇರುತ್ತದಲ್ಲ, ಆ ಎಲ್. ನನ್ನ ಅಳತೆಗೆ ಹೊಲಿದದ್ದಂತೆ!

ಅಳತೆಗೆ ಹೊಲಿದದ್ದೇ ಆದರೂ ಹೇಳಿದ ವಸ್ತುವನ್ನೇ ಕೊಡಬೇಕು, 30 ದಿನ ಮೀರಿದರೂ ದುರಸ್ತಿಯೋ ಬದಲಿಯೋ ಕೇಳುವ ಹಕ್ಕು ನನಗಿದೆ ಅಂತ ಬರೆದೆ. ಆಗ ದನಿ ಮೆತ್ತಗಾಯಿತು. 50 ಪೌಂಡ್ ವಾಪಸ್ ಕೊಡುತ್ತಾರಂತೆ, ನಾನು ಐದು ಸ್ಟಾರ್ ಹಾಕಿ ಒಳ್ಳೆ ಮಾತು ಬರೆದರೆ. ಇಲ್ಲವಾದರೆ ನನ್ನ ಖರ್ಚಿನಲ್ಲಿ ಕಾರ್ಖಾನೆಗೆ ಕಳಿಸಬೇಕು. ಕಾರ್ಖಾನೆ ಇರುವುದು ಬೇರೆ ಖಂಡದಲ್ಲಿ. ಬಾವುಟ ಮಾತ್ರ ಇಲ್ಲಿಯದು. ಬ್ಯಾಂಕಿಗೆ ಫೋನ್ ಮಾಡಿದೆ. ದುಡ್ಡು ನೀವೇ ಕಳಿಸಿದ್ದೀರಿ, ವಸ್ತು ಬಂದಿದೆ, ಇದು ನಿಮ್ಮಿಬ್ಬರ ವ್ಯಾಪಾರದ ತಕರಾರು ಅಂದರು. 20 ಪೌಂಡ್ ಉಳಿಸಿದ ಬುದ್ಧಿವಂತ ಬಾಯಿ ಮುಚ್ಚಿಕೊಂಡು ಫೋನ್ ಇಟ್ಟ.

ಕೊಳ್ಳುವವರಿಗೆ ಹೇಳುವುದಿಷ್ಟೇ. ತುಪ್ಪಟ ಬಿಡಿಸಿದ ಹತ್ತಿರದ ಫೋಟೋ ಕೇಳಿ, ಬುಡದಲ್ಲಿ ಚರ್ಮ ಕಾಣಬೇಕು. ಕಳಿಸಲು ಮೀನಮೇಷ ಎಣಿಸಿದರೆ ಬಿಟ್ಟುಬಿಡಿ. ತೂಕ ಕೇಳಿ. ನನ್ನದು 1.9 ಕಿಲೋ, ಡಕ್ಸ್‌ಫರ್ಡಿನವರದು 3 ಕಿಲೋ ಮೇಲೆಯೇ ಇರಬೇಕು. ಇರ್ವಿನ್ ಅಂದು ಜೇಬು ತೋರಿಸಿದರೆ ನನ್ನನ್ನು ನೆನಪಿಸಿಕೊಳ್ಳಿ. ದುಡ್ಡು ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ಎಷ್ಟೇ ಬಿಡುತ್ತೇವೆ ಅಂದರೂ. ಬಂದ ದಿನವೇ ಒಂದು ಎಳೆ ಸುಡಿ, ಅಲಾರಂ ಇಲ್ಲದ ಕಡೆ.

ಜಾಕೆಟ್ ಬಾಗಿಲ ಹಿಂದೆ ನೇತಾಡುತ್ತಿದೆ. ಒಮ್ಮೆ ಮಳೆಯಲ್ಲಿ ಹಾಕಿದ್ದೆ, ಶರ್ಟಿನ ಕಾಲರಿಗೆ ಕಂದು ಬಣ್ಣ ಹತ್ತಿತು, ಇನ್ನೂ ಹೋಗಿಲ್ಲ. ನಿನ್ನೆ ರಾತ್ರಿ ಅದೇ ಫೋಟೋ, ಅದೇ ಸ್ಪಿಟ್‌ಫೈರ್ ಮತ್ತೆ ಕಂಡಿತು, ಅಂಗಡಿಯ ಹೆಸರು ಬೇರೆ. ಬೆಲೆ 299 ಪೌಂಡ್. ಕೆಳಗೆ ಎದೆ ಅಳತೆ ತುಂಬುವ ಜಾಗ ಹಾಗೇ ಇದೆ.