‘ಉಳಿದ ತಾನಿನ ಕೈಹೊಲಿಗೆ ಹಂತೆನ್’ ಅಂತ ಮಾರುತ್ತಿದ್ದಾರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಜಪಾನಿನಲ್ಲಿರುವ ನಮ್ಮವರು ಯಾರಾದರೂ ಈ ಚಳಿಗೆ ಹಂತೆನ್ ತರಿಸುವ ಯೋಚನೆಯಲ್ಲಿದ್ದರೆ ಸ್ವಲ್ಪ ತಡೆಯಿರಿ. ಹತ್ತಿ ತುಂಬಿದ, ಎದೆಯ ಮೇಲೆ ದಾರ ಕಟ್ಟಿಕೊಳ್ಳುವ ಆ ಗಿಡ್ಡ ಕೋಟಿನ ಹೆಸರಿನಲ್ಲಿ ಸೆಕೆಂಡ್ ಹ್ಯಾಂಡ್ ಮಾರುವ ಆ್ಯಪ್ ಒಂದರಲ್ಲಿ ಹಾಡಹಗಲೇ ಮೋಸ ನಡೆಯುತ್ತಿದೆ. ಜಾಹೀರಾತಿನಲ್ಲಿ ಇದ್ದದ್ದು: ಕುರುಮೆ ಕಸುರಿ ಅನ್ನುವ ಕೈಮಗ್ಗದ ಬಟ್ಟೆಯ ಉಳಿದ ತಾನುಗಳಿಂದ (ಬಟ್ಟೆಯ ಸುರುಳಿಗಳಿಂದ) ಮಾಡಿದ್ದು, ಕೈಯಲ್ಲೇ ಹತ್ತಿ ತುಂಬಿದ್ದು, ಒಳಗೂ ಹೊರಗೂ ಬರೀ ಹತ್ತಿ. ಬೆಲೆ 18,000 ಯೆನ್. ನನಗೆ ಬಂದದ್ದು: ಪ್ರಿಂಟ್ ಬಟ್ಟೆ, ಮಶಿನ್ ಹೊಲಿಗೆ, ಒಳಗೆ ಪಾಲಿಯೆಸ್ಟರ್. ಮೂರಕ್ಕೆ ಮೂರೂ ಸುಳ್ಳು! ನನ್ನ ಮಾತಿನ ಮೇಲೆ ಇನ್ನೂ ನಾಲ್ಕು ಮನೆಯವರು ತರಿಸಿದ್ದಾರೆ. ಅವರಿಗೆ ಮುಖ ತೋರಿಸುವುದಕ್ಕೇ ನಾಚಿಕೆಯಾಗುತ್ತಿದೆ.

ಕಸುರಿ ನಮ್ಮ ಇಕ್ಕತ್ ಜಾತಿಯದೇ ಬಟ್ಟೆ. ನೇಯುವ ಮುಂಚೆಯೇ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ ನೀಲಿಯಲ್ಲಿ ಅದ್ದುತ್ತಾರೆ. ಕಟ್ಟಿದ ಜಾಗ ಬಿಳಿ ಉಳಿಯುತ್ತದೆ, ಅದೇ ಮಗ್ಗದ ಮೇಲೆ ಚಿತ್ತಾರವಾಗುತ್ತದೆ. ಫುಕುಒಕಾ ಪ್ರಾಂತ್ಯದ ಕುರುಮೆ ಸೀಮೆಯಲ್ಲಿ 1800ರ ಸುಮಾರಿಗೆ ಇದನ್ನು ಶುರುಮಾಡಿದವಳು ಇನೋಯೆ ದೆನ್ ಎಂಬ ಹುಡುಗಿ ಅಂತ ಹೇಳುತ್ತಾರೆ. 1957ರಲ್ಲಿ ಸರ್ಕಾರ ಈ ನೇಯ್ಗೆಯ ತಂತ್ರವನ್ನು ಸಾಂಸ್ಕೃತಿಕ ಆಸ್ತಿಯಾಗಿ ಗುರುತಿಸಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನೂಲಿಗೇ ಬಣ್ಣ ಹಾಕಿದ ಬಟ್ಟೆಯಲ್ಲಿ ಚಿತ್ತಾರ ಎರಡೂ ಮೈಗೆ ಒಂದೇ ಥರ ಕಾಣಬೇಕು, ಬಿಳಿಯ ಅಂಚು ಸ್ವಲ್ಪ ಕದಡಿದ ಹಾಗೆ ಇರಬೇಕು. ಇನ್ನೊಂದು, ಈ ಬಟ್ಟೆಯ ಪನ್ನ, ಅಂದರೆ ಅಗಲ, ಸುಮಾರು 38 ಸೆಂಟಿಮೀಟರ್. ದೊಡ್ಡವರ ಬೆನ್ನು ಅಷ್ಟರಲ್ಲಿ ಮುಚ್ಚುವುದಿಲ್ಲ. ಎರಡು ಪಟ್ಟಿ ಜೋಡಿಸಲೇಬೇಕು, ಬೆನ್ನಿನ ನಟ್ಟನಡುವೆ ಕತ್ತಿನಿಂದ ಕೆಳಗಿನವರೆಗೆ ಒಂದು ಹೊಲಿಗೆ ಬರಲೇಬೇಕು.

ನನಗೆ ಬಂದದ್ದರಲ್ಲಿ ಆ ಹೊಲಿಗೆ ಇಲ್ಲ. ಪಾರ್ಸೆಲ್ ಬಿಚ್ಚಿ ಕೋಟನ್ನು ಮೇಜಿನ ಮೇಲೆ ಬೋರಲು ಹಾಕಿದಾಗಲೇ ಎದೆ ಧಸಕ್ಕೆಂದಿತು. ಬೆನ್ನು ಪೂರ್ತಿ ಒಂದೇ ತುಂಡು. ಬಾಣದ ಗರಿಯ ಚಿತ್ತಾರ ಈ ಹೆಗಲಿನಿಂದ ಆ ಹೆಗಲಿಗೆ ಎಲ್ಲೂ ಕಡಿಯದೆ ಸಾಗಿದೆ. 38 ಸೆಂಟಿಮೀಟರ್ ಬಟ್ಟೆಯಲ್ಲಿ ಇದು ಹೇಗಾಯಿತು? ಕಂಕುಳ ಹತ್ತಿರ ನಾಲ್ಕು ಹೊಲಿಗೆ ಬಿಚ್ಚಿ ಒಳಮೈ ತಿರುಗಿಸಿದರೆ ಬಟ್ಟೆ ಬೆಳ್ಳಗೆ, ಚಿತ್ತಾರದ ನೆರಳಷ್ಟೇ ಇದೆ. ಪ್ರಿಂಟ್. ಅನುಮಾನವೇ ಬೇಡ.

ಒಳಗಿನದು ಇನ್ನೂ ಕಡೆ. ಕೈಯಲ್ಲಿ ತುಂಬುವ ಕ್ರಮ ಬೇರೆ. ಹೊರಬಟ್ಟೆ, ಅಸ್ತರು ಎರಡನ್ನೂ ಒಳಮೈ ಮೇಲಾಗಿ ಹೊಲಿದು ಹಾಸುತ್ತಾರೆ. ಅದರ ಮೇಲೆ ಹತ್ತಿಯ ಹಾಳೆಗಳನ್ನು ಹರಡಿ, ಅಂಚಿನಿಂದಾಚೆಗೂ ಒಂದಿಷ್ಟು ಬಿಟ್ಟು ಒಳಕ್ಕೆ ಮಡಚುತ್ತಾರೆ. ಆಮೇಲೆ ಇಡೀ ಕೋಟನ್ನು ಹತ್ತಿಯ ಸಮೇತ ಮಗುಚಿ, ಬಿಟ್ಟ ಬಾಯನ್ನು ಸೂಜಿಯಲ್ಲಿ ಮುಚ್ಚುತ್ತಾರೆ. ಹತ್ತಿ ಜಾರದ ಹಾಗೆ ಅಲ್ಲಲ್ಲಿ ಒಂದೊಂದು ಟಾಕು. ಹೀಗೆ ಮಾಡಿದ್ದರ ಮೂಲೆ, ತೋಳಿನ ಬಾಯಿ, ಕೆಳ ಅಂಚು ಎಲ್ಲ ಗುಂಡಗೆ ತುಂಬಿರುತ್ತದೆ. ಇದರಲ್ಲಿ ಅಂಚು ಹಿಡಿದರೆ ಬರೀ ಬಟ್ಟೆ, ಎರಡು ಬೆರಳಗಲ ಏನೂ ಇಲ್ಲ. ರೆಡಿಮೇಡ್ ಪ್ಯಾಡಿಂಗ್ ಹಾಳೆಯನ್ನು ಅಸ್ತರಿಗೆ ಮಶಿನ್‌ನಲ್ಲಿ ಚೌಕಚೌಕವಾಗಿ ಹೊಲಿದು ಸೇರಿಸಿದ್ದಾರೆ. ಒಂದೆಳೆ ಕಿತ್ತು ನೀರಿನ ಬೋಗುಣಿಯ ಮೇಲೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಇದು ಮುದುಡಿ ಕರಗಿ ಕರಿ ಮಣಿಯಾಯಿತು. ಸೀಮೆಎಣ್ಣೆ ಸ್ಟವ್ ಪಕ್ಕ ಕೂರುವವರಿಗೆ ಇದನ್ನು ಹತ್ತಿ ಅಂತ ಮಾರುತ್ತಾರಲ್ಲ!

ಹತ್ತಿಗೆ ಸ್ವಲ್ಪ ಪಾಲಿಯೆಸ್ಟರ್ ಬೆರೆಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗಂಟು ಕಟ್ಟಬಾರದು, ಹಗುರ ಇರಬೇಕು ಅಂತ ಒಳ್ಳೆಯ ತಯಾರಕರೂ ಬೆರೆಸುತ್ತಾರೆ, ಬೆರೆಸಿದ್ದನ್ನು ಲೇಬಲ್ ಮೇಲೆ ಬರೆಯುತ್ತಾರೆ. ಇದರಲ್ಲಿ ಲೇಬಲ್ಲೇ ಇಲ್ಲ.

ಮಾರಿದವನ ಉತ್ತರ ಕೇಳಿ. ಫೋಟೋ ಸಮೇತ ಬರೆದದ್ದಕ್ಕೆ ಮೊದಲು ಬಂದದ್ದು: ‘ಉಳಿದ ಬಟ್ಟೆಯಾದ್ದರಿಂದ ಒಂದೊಂದೂ ಸ್ವಲ್ಪ ಬೇರೆ ಇರುತ್ತದೆ, ದಯವಿಟ್ಟು ಅರ್ಥ ಮಾಡಿಕೊಳ್ಳಿ.’ ಬೆನ್ನಿನ ಹೊಲಿಗೆ ಎಲ್ಲಿ ಅಂತ ಕೇಳಿದೆ. ‘ಈ ಬೆಲೆಗೆ ಅಸಲಿ ಕಸುರಿ ಸಿಗುವುದಿಲ್ಲ ಅಂತ ತಮಗೂ ಗೊತ್ತಿರಬೇಕಲ್ಲವೇ’ ಅಂದ. ಅಂದರೆ ಅವನಿಗೂ ಗೊತ್ತಿತ್ತು! ಕೊನೆಗೆ: ‘ತಾವು ರೇಟಿಂಗ್ ಕೊಟ್ಟಾಗಿದೆ, ವ್ಯವಹಾರ ಮುಗಿದಿದೆ.’ ಎಲ್ಲ ಬಹುವಚನದಲ್ಲಿ, ತುಂಬ ವಿನಯವಾಗಿ.

ರೇಟಿಂಗ್ ಬಂದದ್ದು ಹೇಗೆ ಗೊತ್ತೇ? ಪಾರ್ಸೆಲ್ ಬಾಗಿಲಿಗೆ ಬರುವ ಮುಂಚಿನಿಂದ ಒಂದೇ ಸಮನೆ ಮೆಸೇಜು: ತಲುಪಿದ ಕೂಡಲೇ ರೇಟಿಂಗ್ ಒತ್ತಿ, ನಮಗೆ ಲೆಕ್ಕ ಮುಗಿಸಬೇಕು. ಆ ಬಟನ್ ಒತ್ತುವವರೆಗೆ ದುಡ್ಡು ಆ್ಯಪ್‌ನವರ ಹತ್ತಿರವೇ ಇರುತ್ತದೆ. ಒತ್ತಿದ ಮೇಲೆ ಅವನ ಕೈಗೆ. ಅವಸರ ಅದಕ್ಕೇ, ಬೇರೆ ಯಾತಕ್ಕೂ ಅಲ್ಲ.

‘ಉಳಿದ ಬಟ್ಟೆ’ ಅನ್ನುವ ಮಾತಂತೂ ಎಲ್ಲದಕ್ಕೂ ಗುರಾಣಿಯಾಗಿದೆ. ಲೆಕ್ಕ ಹಾಕಿ ನೋಡಿ. ಒಂದು ತಾನು ಸುಮಾರು 12 ಮೀಟರ್. ಮೈಗೆ 1.7 ಮೀಟರಿನ ಎರಡು ಪಟ್ಟಿ, ತೋಳಿಗೆ 90 ಸೆಂಟಿಮೀಟರಿನ ಎರಡು ತುಂಡು, ಅಲ್ಲಿಗೇ 5 ಮೀಟರ್ ದಾಟಿತು. ಇನ್ನು ಕೊರಳಪಟ್ಟಿ ಬೇರೆ. ಒಂದು ತಾನಿಗೆ ಎರಡು ಕೋಟು ಬಂದರೆ ಪುಣ್ಯ. ನಿಜವಾಗಿ ಉಳಿದ ತಾನುಗಳಾದರೆ ಒಂದೇ ಚಿತ್ತಾರ ಎಸ್, ಎಂ, ಎಲ್ ಮೂರೂ ಅಳತೆಯಲ್ಲಿ ತಿಂಗಳುಗಟ್ಟಲೆ ಸಿಗುವುದು ಸಾಧ್ಯವೇ ಇಲ್ಲ. ಅವನ ಹತ್ತಿರ ಸಿಗುತ್ತದೆ. ಖಾಲಿಯಾದರೆ ಮತ್ತೆ ಬರುತ್ತದೆ!

ನಿಜವಾದ ಉಳಿದ ಬಟ್ಟೆಯಲ್ಲೂ ಒಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ಬಹಳ ವರ್ಷ ಮಡಚಿಟ್ಟ ತಾನು ಮಡಿಕೆಯ ಗೆರೆಯಲ್ಲೇ ಜೀರ್ಣವಾಗಿರುತ್ತದೆ. ಎರಡು ಹೆಬ್ಬೆರಳು ಜೋಡಿಸಿ ಮೆಲ್ಲಗೆ ಎಳೆದರೆ ಚರ್ ಅನ್ನುತ್ತದೆ. ಅಂಥದ್ದು ತೋಳು ಕೂಡುವ ಕಡೆ ಮೊದಲು ಹರಿಯುವುದು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ಅಂತಲೂ ನೋಡಿಕೊಳ್ಳಿ.

ತರಿಸಲೇಬೇಕು ಅಂದರೆ ಮಾರುವವರಿಂದ ಮೂರು ಫೋಟೋ ಕೇಳಿ: ಬೆನ್ನಿನ ನಡು, ಬಟ್ಟೆಯ ಒಳಮೈ, ಲೇಬಲ್. ಜಪಾನಿನಲ್ಲಿ 1962ರ ಗೃಹಬಳಕೆ ವಸ್ತುಗಳ ಗುಣಮಟ್ಟದ ಕಾನೂನಿನ ಪ್ರಕಾರ ವ್ಯಾಪಾರಸ್ಥರು ಬಟ್ಟೆಯ ಮೇಲೆ ನಾರಿನ ಶೇಕಡಾವಾರು, ಜೊತೆಗೆ ತಮ್ಮ ಹೆಸರು, ವಿಳಾಸ ಅಥವಾ ಫೋನ್ ಹಾಕಬೇಕು. ಫೋಟೋ ಕೊಡದೆ ಸಬೂಬು ಹೇಳಿದರೆ ಬಿಟ್ಟುಬಿಡಿ. ಅಂಗಡಿಯ ಸ್ವಂತ ವೆಬ್‌ಸೈಟಿನಲ್ಲಿ ಕೊಂಡಿದ್ದು, ವಾಪಸಾತಿಯ ನಿಯಮ ಅಲ್ಲಿ ಬರೆದಿಲ್ಲದಿದ್ದರೆ, 8 ದಿನದೊಳಗೆ ನಿಮ್ಮ ಖರ್ಚಿನಲ್ಲಿ ಹಿಂದಿರುಗಿಸಬಹುದು. ಖಾಸಗಿ ವ್ಯಕ್ತಿ ಮಾರಿದ್ದಕ್ಕೆ ಆ ಅವಕಾಶವೂ ಇಲ್ಲ. ಇವನು ಖಾಸಗಿ ವ್ಯಕ್ತಿ ಅಂತಲೇ ಹಾಕಿಕೊಂಡಿದ್ದಾನೆ.

ಅವನಿಂದ ಈಗಾಗಲೇ ತರಿಸಿದ್ದರೆ ರೇಟಿಂಗ್ ಒತ್ತಬೇಡಿ. ಎಷ್ಟೇ ಮೆಸೇಜ್ ಬರಲಿ, ಒತ್ತಬೇಡಿ. ಬೆನ್ನು ನೋಡಿ, ಒಳಮೈ ನೋಡಿ, ಫೋಟೋ ತೆಗೆದು ‘ವಿವರಣೆಗೂ ವಸ್ತುವಿಗೂ ಹೊಂದುವುದಿಲ್ಲ’ ಅಂತ ನೇರ ಆ್ಯಪ್‌ನವರಿಗೆ ಬರೆಯಿರಿ. ಒತ್ತಿಯಾಗಿದ್ದರೆ 188ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು, ನಿಮ್ಮ ಊರಿನ ಕೇಂದ್ರಕ್ಕೆ ಜೋಡಿಸುತ್ತಾರೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ. ನಾನು ದೂರು ಬರೆದ ಮೇಲೆ ಅವನು ‘ಕುರುಮೆ’ ಅನ್ನುವ ಮಾತನ್ನು ಮೆಲ್ಲಗೆ ಅಳಿಸಿದ್ದಾನೆ. ಫೋಟೋ, ಬೆಲೆ ಎರಡೂ ಹಾಗೇ ಇವೆ.